ಬ್ಲಾಕ್‌ಚೈನ್ ತಂತ್ರಾಂಶಕ್ಕೆ ಸ್ವತಂತ್ರ ಡೆವಲಪರ್ ನೇಮಕ: ವರ್ತಕರು ಅರಿತಿರಬೇಕಾದ ಅಂಶಗಳು

ಕುಮಾರಪಟ್ಟಣ, ರಾಣೇಬೆನ್ನೂರು ಮತ್ತು ಬ್ಯಾಡಗಿ ಹಾವೇರಿ ಜಿಲ್ಲೆಯ ಮೂರು ಪ್ರಮುಖ ಉದ್ಯಮ ಮತ್ತು ವ್ಯಾಪಾರ ಕೇಂದ್ರಗಳು. ಕುಮಾರಪಟ್ಟಣದಲ್ಲಿ ವಿಸ್ಕೋಸ್ ನಾರು, ರಾಣೇಬೆನ್ನೂರಿನಲ್ಲಿ ಬಿತ್ತನೆ ಬೀಜ, ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿ ಮುಖ್ಯ ಸರಕುಗಳು. ಸರಕು ಬೇರೆ ಬೇರೆಯಾದರೂ ದೂರದ ಖರೀದಿದಾರರು ಕೇಳುವ ಪ್ರಶ್ನೆ ಮಾತ್ರ ಒಂದೇ: ಈ ಸರಕು ಎಲ್ಲಿಂದ ಬಂತು, ಅದಕ್ಕೆ ದಾಖಲೆ ಏನು?

ಈ ಪ್ರಶ್ನೆಗೆ ಉತ್ತರ ನೀಡಲು ಬ್ಲಾಕ್‌ಚೈನ್ ಆಧಾರಿತ ವೆಬ್ ತಂತ್ರಾಂಶವೊಂದನ್ನು ಸಿದ್ಧಪಡಿಸಿಕೊಳ್ಳುವ ಸಲಹೆ ಇಂದು ಅನೇಕ ವರ್ತಕರ ಮುಂದಿದೆ. ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳ ಶುಲ್ಕ ಭರಿಸಲಾಗದ ಸಣ್ಣ ಹಾಗೂ ಮಧ್ಯಮ ವ್ಯಾಪಾರಿಗಳು ಸ್ವತಂತ್ರವಾಗಿ ದುಡಿಯುವ ಫ್ರೀಲಾನ್ಸ್ ಡೆವಲಪರ್‌ಗಳತ್ತ ನೋಡುವುದು ಸಹಜ. ಆದರೆ ಕೆಲಸ ಮುಗಿಸಿ ಆ ವ್ಯಕ್ತಿ ತೆರಳಿದ ಮೇಲೆ ತಂತ್ರಾಂಶದ ನಿಜವಾದ ಒಡೆತನ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಹಣ ನೀಡುವ ಮೊದಲೇ ನಿರ್ಧರಿಸದಿದ್ದರೆ ಇಡೀ ವೆಚ್ಚ ವ್ಯರ್ಥವಾಗುವ ಸಂಭವವಿದೆ. ಈ ಲೇಖನ ಆ ಕುರಿತಾದ ಮುಖ್ಯ ಅಂಶಗಳನ್ನು ವಿವರಿಸುತ್ತದೆ.

ಬ್ಲಾಕ್‌ಚೈನ್ ಎಂದರೇನು?

ಅಂಗಡಿಯ ರೋಜು ಕಿರ್ದಿಯಲ್ಲಿ ಬರೆದುದನ್ನು ಅಳಿಸುವಂತಿಲ್ಲ. ತಪ್ಪಾದರೆ ಮತ್ತೊಂದು ತಿದ್ದುಪಡಿ ನಮೂದು ಬರೆಯಬೇಕು. ಬ್ಲಾಕ್‌ಚೈನ್ ಕೂಡ ಇಂತಹ ಒಂದು ಕಿರ್ದಿಯೇ. ವ್ಯತ್ಯಾಸವೆಂದರೆ ಅದರ ಪ್ರತಿಗಳು ಒಬ್ಬರ ಬಳಿ ಇರದೆ ಹಲವರ ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಪುಟವೂ ಹಿಂದಿನ ಪುಟದ ಗಣಿತೀಯ ಗುರುತನ್ನು ಹೊತ್ತಿರುವುದರಿಂದ ಹಳೆಯ ನಮೂದೊಂದನ್ನು ಗುಟ್ಟಾಗಿ ಬದಲಿಸಿದರೆ ಮುಂದಿನ ಎಲ್ಲ ಪುಟಗಳೂ ತಾಳೆಯಾಗುವುದಿಲ್ಲ.

ಈ ಗುರುತಿಗೆ ಹ್ಯಾಶ್ ಎಂದು ಹೆಸರು. ಬಹುವಾಗಿ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಪದ್ಧತಿಯಲ್ಲಿ ದಾಖಲೆ ಎಷ್ಟೇ ದೊಡ್ಡದಿರಲಿ, ಅದರ ಗುರುತು 64 ಅಕ್ಷರ ಮತ್ತು ಅಂಕಿಗಳಷ್ಟೇ ಇರುತ್ತದೆ. ತೂಕದ ಚೀಟಿಯಲ್ಲಿ ಒಂದು ಅಂಕಿ ಬದಲಾದರೂ ಗುರುತು ಸಂಪೂರ್ಣ ಬೇರೆಯಾಗುತ್ತದೆ.

ಆದರೆ ಬ್ಲಾಕ್‌ಚೈನ್ ಕಾಪಾಡುವುದು ಒಮ್ಮೆ ಬರೆದ ನಮೂದನ್ನು ಮಾತ್ರ. ಬರೆದದ್ದು ನಿಜವೇ ಎಂಬುದನ್ನು ಅದು ಪರೀಕ್ಷಿಸಲಾರದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಸುತ್ತಲಿನ ಜಿಲ್ಲೆಗಳ ಕಡ್ಡಿ ಮತ್ತು ಡಬ್ಬಿ ತಳಿಗಳ ಜೊತೆಗೆ ಬಳ್ಳಾರಿ, ರಾಯಚೂರು ಹಾಗೂ ಆಂಧ್ರಪ್ರದೇಶದ ಸರಕೂ ಬರುತ್ತದೆ. ಬೇರೆಡೆಯ ಸಂಕರ ತಳಿಯ ಚೀಲಕ್ಕೆ ಬ್ಯಾಡಗಿ ಡಬ್ಬಿ ಎಂದು ಯಾರಾದರೂ ನಮೂದಿಸಿದರೆ ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಆದ್ದರಿಂದ ತೂಕ, ತೇವಾಂಶ ಮತ್ತು ಬಣ್ಣದ ಪರೀಕ್ಷೆ, ಚೀಲದ ಮೊಹರು ಇವು ಸರಿಯಿದ್ದಲ್ಲಿ ಮಾತ್ರ ತಂತ್ರಾಂಶಕ್ಕೆ ಬೆಲೆ.

ನಾರಿನ ಉದ್ಯಮದಲ್ಲಿ ಇದಕ್ಕೆ ಉತ್ತಮ ನಿದರ್ಶನವಿದೆ. ಕುಮಾರಪಟ್ಟಣದ ಕಾರ್ಖಾನೆಗಳನ್ನು ನಡೆಸುವ ಗ್ರಾಸಿಂ ಸಂಸ್ಥೆಯ ನಾರಿನ ವಿಭಾಗವಾದ ಬಿರ್ಲಾ ಸೆಲ್ಯುಲೋಸ್, ನಾರಿನಿಂದ ಸಿದ್ಧ ಉಡುಪಿನವರೆಗಿನ ಹಾದಿಯನ್ನು ದಾಖಲಿಸಲು ಗ್ರೀನ್‌ಟ್ರ್ಯಾಕ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಹೊಂದಿದೆ. ಅದರ ಲಿವಾಇಕೋ ಹೆಸರಿನ ನಾರಿನಲ್ಲಿ ಪತ್ತೆಗೆ ನೆರವಾಗುವ ಅಣುಮಟ್ಟದ ಗುರುತನ್ನೂ ಸೇರಿಸಲಾಗುತ್ತದೆ. ಅಂದರೆ ಗಣಕದ ದಾಖಲೆಯ ಜೊತೆಗೆ ಸರಕಿನಲ್ಲಿಯೇ ಪರೀಕ್ಷಿಸಬಹುದಾದ ಗುರುತಿದೆ. ಸಣ್ಣ ವರ್ತಕರು ಅನುಸರಿಸಬೇಕಾದುದು ಈ ತತ್ವವನ್ನು.

ನಿಜವಾಗಿ ಅಗತ್ಯವಿದೆಯೇ?

ಡೆವಲಪರ್‌ರನ್ನು ಹುಡುಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಕಿರ್ದಿಯ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡು ನಡೆಸಲು ಬೇರೆ ಯಾರು ಸಿದ್ಧರಿದ್ದಾರೆ? ದಲಾಲರು, ಶೈತ್ಯಾಗಾರದ ಮಾಲೀಕರು, ರಫ್ತುದಾರರು ಮತ್ತು ಹೊರಗಿನ ಖರೀದಿದಾರರು ಸೇರಿದರೆ ಬ್ಲಾಕ್‌ಚೈನ್‌ಗೆ ಅರ್ಥವಿದೆ. ಎಲ್ಲ ಪ್ರತಿಗಳೂ ಒಬ್ಬನೇ ವರ್ತಕನ ಸರ್ವರ್‌ನಲ್ಲಿದ್ದರೆ ಅದು ದುಬಾರಿ ಬೆಲೆಯ ಸಾಮಾನ್ಯ ಡೇಟಾಬೇಸ್ ಅಷ್ಟೇ.

ಹಡಗು ಸಾಗಣೆಯ ದೈತ್ಯ ಸಂಸ್ಥೆ ಮರ್ಸ್ಕ್ ಮತ್ತು ಐಬಿಎಂ ಸಂಸ್ಥೆಗಳು 2018ರಲ್ಲಿ ಆರಂಭಿಸಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ಉದ್ಯಮದ ಎಲ್ಲರ ಪೂರ್ಣ ಸಹಕಾರ ದೊರೆಯಲಿಲ್ಲವೆಂಬುದೇ ಅದಕ್ಕೆ ನೀಡಿದ ಕಾರಣ. ಅಷ್ಟು ದೊಡ್ಡ ಸಂಸ್ಥೆಗಳಿಗೆ ಸಾಧ್ಯವಾಗದ ಒಗ್ಗೂಡಿಕೆಯನ್ನು ಒಬ್ಬ ಡೆವಲಪರ್ ತಂದುಕೊಡಲಾರ. ಅದು ವರ್ತಕರೇ ಪರಸ್ಪರ ಮಾತನಾಡಿ ಮಾಡಬೇಕಾದ ಕೆಲಸ.

ಸರ್ಕಾರಿ ವಲಯದ ಪ್ರಯತ್ನಗಳನ್ನೂ ಗಮನಿಸುವುದು ಲೇಸು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಸಾಂಬಾರ ಮಂಡಳಿಯು 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಒಡಂಬಡಿಕೆ ಮಾಡಿಕೊಂಡು, ಆಂಧ್ರಪ್ರದೇಶದ ಮೆಣಸಿನಕಾಯಿ ಮತ್ತು ಅರಿಶಿಣ ಬೆಳೆಗಾರರಲ್ಲಿ ಬ್ಲಾಕ್‌ಚೈನ್ ಮೂಲಕ ಮೂಲ ಪತ್ತೆಯ ಪ್ರಯೋಗಕ್ಕೆ ಮುಂದಾಯಿತು. ಬಿತ್ತನೆ ಬೀಜದ ಪತ್ತೆಗಾಗಿ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಸಾಥಿ ಜಾಲತಾಣವನ್ನು ಆರಂಭಿಸಿದ್ದು, ರಾಣೇಬೆನ್ನೂರಿನ ಬೀಜ ವ್ಯಾಪಾರಿಗಳು ಪ್ರತ್ಯೇಕ ತಂತ್ರಾಂಶಕ್ಕೆ ಹಣ ಹೂಡುವ ಮುನ್ನ ಅದನ್ನು ಪರಿಶೀಲಿಸಬೇಕು.

ಜೊತೆಗೂಡುವವರು ಸಿಗದಿದ್ದರೆ ಕಡಿಮೆ ಖರ್ಚಿನ ಮಧ್ಯದ ಹಾದಿಯೊಂದಿದೆ. ದಿನದ ವ್ಯವಹಾರವನ್ನು ಸಾಮಾನ್ಯ ಡೇಟಾಬೇಸ್‌ನಲ್ಲಿಯೇ ಇಟ್ಟು, ಸಂಜೆ ಇಡೀ ದಿನದ ದಾಖಲೆಯ ಹ್ಯಾಶ್ ಗುರುತನ್ನು ಮಾತ್ರ ಸಾರ್ವಜನಿಕ ಬ್ಲಾಕ್‌ಚೈನ್ ಒಂದರಲ್ಲಿ ನಮೂದಿಸುವುದು. ದಾಖಲೆ ಆ ದಿನದ ನಂತರ ಬದಲಾಗಿಲ್ಲ ಎಂಬುದನ್ನು ಇದು ತೋರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಗೆ ನೀಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಲು ಸ್ಥಳವಿರುವುದು ಗಮನಾರ್ಹ.

ಫುಲ್‌ಸ್ಟ್ಯಾಕ್ ಡೆವಲಪರ್‌ನ ಕೆಲಸ

ವೆಬ್ ತಂತ್ರಾಂಶಕ್ಕೆ ಮೂರು ಪದರಗಳಿರುತ್ತವೆ. ಗುಮಾಸ್ತರು ಮೊಬೈಲ್ ಅಥವಾ ಗಣಕದಲ್ಲಿ ನೋಡುವ ಪುಟಗಳು ಮೊದಲನೆಯದು. ಆ ಪುಟಗಳಿಂದ ಬಂದ ಮಾಹಿತಿಯನ್ನು ಪರಿಶೀಲಿಸಿ ಮುಂದಕ್ಕೆ ಸಾಗಿಸುವ ಸರ್ವರ್‌ನ ಕಾರ್ಯಕ್ರಮ ಎರಡನೆಯದು. ಮಾಹಿತಿ ಉಳಿಯುವ ಡೇಟಾಬೇಸ್ ಮೂರನೆಯದು. ಈ ಮೂರನ್ನೂ ಒಬ್ಬರೇ ನಿರ್ವಹಿಸಿದರೆ ಅವರನ್ನು ಫುಲ್‌ಸ್ಟ್ಯಾಕ್ ಡೆವಲಪರ್ ಎನ್ನುತ್ತಾರೆ. ಬ್ಲಾಕ್‌ಚೈನ್ ಸೇರಿದಾಗ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ನಾಲ್ಕನೆಯ ಪದರ ಬರುತ್ತದೆ. ಬ್ಲಾಕ್‌ಚೈನ್ ಮೇಲೆಯೇ ಕುಳಿತು, ನಿಗದಿತ ಷರತ್ತು ಪೂರೈಸಿದಾಗ ತಾನಾಗಿಯೇ ನಡೆಯುವ ಕಾರ್ಯಕ್ರಮ ಅದು.

ಮೊದಲ ಮೂರು ಪದರಗಳಲ್ಲಿ ನುರಿತವರು ಬೇಕಾದಷ್ಟು ಸಿಗುತ್ತಾರೆ. ನಾಲ್ಕನೆಯದರಲ್ಲಿ ಅನುಭವವುಳ್ಳವರು ಕಡಿಮೆ; ಅಲ್ಲಿನ ತಪ್ಪಿನ ಪರಿಣಾಮವೂ ಹೆಚ್ಚು. 2016ರ ಜೂನ್‌ನಲ್ಲಿ ಇಥೀರಿಯಂ ಜಾಲದ ಡಿಎಒ ಎಂಬ ಯೋಜನೆಯ ಕಾರ್ಯಕ್ರಮದಲ್ಲಿದ್ದ ಒಂದು ದೋಷವನ್ನು ಬಳಸಿಕೊಂಡು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಹೊರಗೆಳೆಯಲಾಯಿತು. ಮೆಣಸಿನಕಾಯಿ ಚೀಲದ ದಾಖಲೆಯಲ್ಲಿ ಅಷ್ಟು ಹಣದ ಅಪಾಯವಿರದಿದ್ದರೂ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆದವರಲ್ಲದ ಮತ್ತೊಬ್ಬ ತಜ್ಞರಿಂದ ಅದನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ. ಇದರ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಸೇರಿಸಬೇಕು.

ಆಯ್ಕೆ ಹೇಗೆ?

ಸರಕಿನ ಮಾದರಿ ನೋಡದೆ ಟೆಂಡರ್ ಬರೆಯುವ ಖರೀದಿದಾರರಿಲ್ಲ. ತಂತ್ರಜ್ಞರ ವಿಷಯದಲ್ಲಿಯೂ ಅದೇ ನಿಯಮ ಪಾಲಿಸಬೇಕು. ಹಿಂದೆ ಮಾಡಿದ ಕೆಲಸದ ಪಟ್ಟಿ ಕೊಟ್ಟರೆ ಸಾಲದು. ಚಾಲ್ತಿಯಲ್ಲಿರುವ ತಂತ್ರಾಂಶವನ್ನು ತೆರೆದು ತೋರಿಸುವಂತೆ ಕೇಳಬೇಕು. ಸಾರ್ವಜನಿಕ ಬ್ಲಾಕ್‌ಚೈನ್ ಮೇಲಿನ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನ ವಿಳಾಸ ತಿಳಿದರೆ ಅದರ ವ್ಯವಹಾರಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹಿಂದಿನ ಇಬ್ಬರು ಗ್ರಾಹಕರೊಡನೆ ದೂರವಾಣಿಯಲ್ಲಿ ಮಾತನಾಡಿ, ಕೆಲಸ ಮುಗಿದ ನಂತರವೂ ಅವರು ಕರೆಗೆ ಸ್ಪಂದಿಸುತ್ತಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ದೂರದಿಂದಲೇ ಕೆಲಸ ಮಾಡುವವರಾದರೆ ವಿಡಿಯೊ ಮೂಲಕ ಮುಖಾಮುಖಿ ಮಾತನಾಡಬೇಕು. ಬ್ಯಾಂಕ್ ಖಾತೆ ಮತ್ತು ಪ್ಯಾನ್ ಕಾರ್ಡ್ ಅದೇ ವ್ಯಕ್ತಿಯ ಹೆಸರಿನಲ್ಲಿರಬೇಕು.

ಅನಂತರ ಹಣ ಕೊಟ್ಟು ಸಣ್ಣದೊಂದು ಪ್ರಾಯೋಗಿಕ ಕೆಲಸ ಮಾಡಿಸಬೇಕು. ಒಂದು ಲಾಟ್ ಮೆಣಸಿನಕಾಯಿ ಮಾರುಕಟ್ಟೆಗೆ ಬಂದದ್ದರಿಂದ ಶೈತ್ಯಾಗಾರ ಸೇರುವವರೆಗಿನ ನಮೂದುಗಳನ್ನು ಪರೀಕ್ಷಾ ಜಾಲದಲ್ಲಿ ದಾಖಲಿಸುವಷ್ಟು ಕೆಲಸ ಸಾಕು. ಈ ಹಂತದಲ್ಲಿ ಗಮನಿಸಬೇಕಾದುದು ಪುಟದ ಅಂದವನ್ನಲ್ಲ, ಡೆವಲಪರ್ ಕೇಳುವ ಪ್ರಶ್ನೆಗಳನ್ನು. ತೂಕ ತಪ್ಪಾಗಿ ನಮೂದಾದರೆ ತಿದ್ದುವ ಅಧಿಕಾರ ಯಾರಿಗೆ? ಒಂದೇ ಲಾಟ್ ಎರಡು ಭಾಗವಾಗಿ ಮಾರಾಟವಾದರೆ ಏನು ಮಾಡಬೇಕು? ಬೇರೆ ಬೇರೆ ರೈತರ ಚೀಲಗಳು ಪುಡಿ ಮಾಡುವ ಗಿರಣಿಯಲ್ಲಿ ಒಂದಾದಾಗ ಮೂಲ ಹೇಗೆ ಉಳಿಯುತ್ತದೆ? ಹಮಾಲರು ಚೀಲ ಇಳಿಸುವ ವೇಳೆಗೆ ಮೊಬೈಲ್ ಸಂಪರ್ಕ ಇಲ್ಲದಿದ್ದರೆ ನಮೂದು ಎಲ್ಲಿ ನಿಲ್ಲುತ್ತದೆ? ಇಂತಹ ಪ್ರಶ್ನೆಗಳನ್ನು ತಾನಾಗಿಯೇ ಎತ್ತುವವನು ಕೆಲಸ ಬಲ್ಲವನು. ಏನನ್ನೂ ಕೇಳದೆ ಹದಿನೈದು ದಿನಗಳಲ್ಲಿ ಎಲ್ಲವನ್ನೂ ಮುಗಿಸಿಕೊಡುವೆನೆಂದು ಹೇಳುವವರ ಬಗ್ಗೆ ಎಚ್ಚರ ಅಗತ್ಯ.

ವ್ಯಾಪಾರಕ್ಕೆ ಸ್ವಂತ ನಾಣ್ಯ ಅಥವಾ ಟೋಕನ್ ಹೊರಡಿಸುವ ಸಲಹೆ ಬಂದರೆ ಅಲ್ಲಿಯೇ ನಿಲ್ಲಿಸುವುದು ಕ್ಷೇಮ. ಸರಕಿನ ಮೂಲ ಪತ್ತೆಗೆ ಅದರ ಅವಶ್ಯಕತೆಯಿಲ್ಲ. ವರ್ಚುವಲ್ ಡಿಜಿಟಲ್ ಆಸ್ತಿಗಳ ವರ್ಗಾವಣೆಯ ಆದಾಯಕ್ಕೆ 2022ರ ಏಪ್ರಿಲ್‌ನಿಂದ ಶೇ. 30ರ ತೆರಿಗೆ ಇದೆ. ಅವುಗಳಿಗೆ ಸಂಬಂಧಿಸಿದ ಸೇವೆಗಳನ್ನು 2023ರ ಮಾರ್ಚ್ 7ರ ಅಧಿಸೂಚನೆಯ ಮೂಲಕ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ.

ಕರಾರು ಪತ್ರ ಮತ್ತು ಹಕ್ಕುಸ್ವಾಮ್ಯ

ಹಣ ಕೊಟ್ಟು ಮಾಡಿಸಿದ ತಂತ್ರಾಂಶ ಹಣ ಕೊಟ್ಟವರದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನಿನ ಪ್ರಕಾರ ಇದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯು ಗಣಕ ಕಾರ್ಯಕ್ರಮವನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಅದರ 17ನೇ ಕಲಮಿನಂತೆ ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದ ಕಾರ್ಯಕ್ರಮದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದಾಗುತ್ತದೆ. ಆದರೆ ಸ್ವತಂತ್ರ ಡೆವಲಪರ್ ನೌಕರನಲ್ಲ. ಆದ್ದರಿಂದ ಬರೆದವನೇ ಸಾಮಾನ್ಯವಾಗಿ ಮೊದಲ ಒಡೆಯನಾಗಿರುತ್ತಾನೆ. ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು.

ವರ್ಗಾವಣೆ ಹೇಗಿರಬೇಕೆಂಬುದನ್ನು 19ನೇ ಕಲಮು ತಿಳಿಸುತ್ತದೆ. ಅದು ಬರಹದಲ್ಲಿದ್ದು ಹಕ್ಕು ನೀಡುವವರ ಸಹಿ ಹೊಂದಿರಬೇಕು. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಅವಧಿ, ಯಾವ ಪ್ರದೇಶ ಎಂಬುದು ಸ್ಪಷ್ಟವಾಗಿರಬೇಕು. ಅವಧಿ ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಗಳಿಗೆ ಮಾತ್ರ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತಿಲ್ಲದಿದ್ದಲ್ಲಿ, ಅದು ರದ್ದಾಗುತ್ತದೆ. ಹೊರದೇಶಕ್ಕೆ ಸರಕು ಕಳುಹಿಸುವವರು ಈ ಮೂರು ಅಂಶಗಳನ್ನು ಮರೆತರೆ ಮುಂದೊಂದು ದಿನ ತಮ್ಮದೇ ತಂತ್ರಾಂಶಕ್ಕೆ ಮತ್ತೆ ಹಣ ತೆರಬೇಕಾದೀತು.

ಎಲ್ಲ ಡೆವಲಪರ್‌ಗಳೂ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳನ್ನು ಬಳಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಯಾವುವನ್ನು ಯಾವ ಪರವಾನಗಿಯಡಿ ಬಳಸಲಾಗಿದೆ ಎಂಬ ಪಟ್ಟಿಯನ್ನು ಕರಾರಿನ ಜೊತೆ ಪಡೆಯಬೇಕು. ವ್ಯಾಪಾರದ ಗುಟ್ಟು ಕಾಪಾಡುವ ಷರತ್ತು ಹಾಕಬಹುದು. ಆದರೆ ಕೆಲಸ ಮುಗಿದ ಮೇಲೆಯೂ ಬೇರೆ ಯಾವ ವರ್ತಕರಿಗೂ ಕೆಲಸ ಮಾಡಕೂಡದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ.

ಕೀಲಿಗಳು ಯಾರ ಬಳಿ?

ಬ್ಲಾಕ್‌ಚೈನ್‌ನಲ್ಲಿ ನಮೂದಿಗೆ ಸಹಿ ಹಾಕುವ ರಹಸ್ಯ ಸಂಕೇತಕ್ಕೆ ಪ್ರೈವೇಟ್ ಕೀ ಎನ್ನುತ್ತಾರೆ. ಅದು ಕಳೆದರೆ ಬ್ಯಾಂಕಿನಂತೆ ಹೊಸ ಪಾಸ್‌ವರ್ಡ್ ಕೊಡುವವರು ಯಾರೂ ಇಲ್ಲ. ತಂತ್ರಾಂಶದ ಆಡಳಿತಾಧಿಕಾರ ನೀಡುವ ಕೀ ಡೆವಲಪರ್ ಬಳಿ ಮಾತ್ರ ಇದ್ದರೆ, ಕರಾರು ಪತ್ರದಲ್ಲಿ ಏನೇ ಬರೆದಿದ್ದರೂ ಬೀಗದ ಕೈ ಅವರಲ್ಲಿಯೇ ಉಳಿಯುತ್ತದೆ. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಎಂಬ ವ್ಯಾಲೆಟ್ ವ್ಯವಸ್ಥೆಯ ಮೂಲ ಕಾರ್ಯಕ್ರಮಕ್ಕೆ ಒಡೆಯರನ್ನೇ ನಿಗದಿಪಡಿಸದೆ ಬಿಡಲಾಗಿತ್ತು. ಹೊರಗಿನವರೊಬ್ಬರು ಅದರ ಒಡೆತನ ಪಡೆದು ಅದನ್ನು ಅಳಿಸಿದ ಪರಿಣಾಮ 5 ಲಕ್ಷಕ್ಕೂ ಹೆಚ್ಚು ಈಥರ್ ನಾಣ್ಯಗಳು ಯಾರ ಕೈಗೂ ಸಿಗದಂತಾದವು.

ಆದ್ದರಿಂದ ಡೊಮೇನ್ ಹೆಸರು, ಸರ್ವರ್ ಖಾತೆ, ಸೋರ್ಸ್ ಕೋಡ್ ಇಡುವ ಖಾತೆ ಇವೆಲ್ಲವನ್ನೂ ಕೆಲಸ ಆರಂಭವಾಗುವ ಮೊದಲೇ ವರ್ತಕರ ಸಂಸ್ಥೆಯ ಹೆಸರಿನಲ್ಲಿ ತೆರೆದು, ಡೆವಲಪರ್‌ಗೆ ಬಳಕೆಯ ಅನುಮತಿ ಮಾತ್ರ ನೀಡಬೇಕು. ಆಡಳಿತದ ಕೀಗೆ ಬ್ಯಾಂಕಿನ ಜಂಟಿ ಖಾತೆಯ ಕ್ರಮವನ್ನು ಅನುಸರಿಸಬಹುದು. ಮೂವರಲ್ಲಿ ಇಬ್ಬರ ಸಹಿಯಿಲ್ಲದೆ ಯಾವ ಬದಲಾವಣೆಯೂ ಆಗದಂತೆ ಬಹುಸಹಿ ವ್ಯವಸ್ಥೆ ಮಾಡಲು ಸಾಧ್ಯವಿದೆ. ಆ ಮೂವರಲ್ಲಿ ಡೆವಲಪರ್ ಇರುವ ಅಗತ್ಯವಿಲ್ಲ.

ಪಾವತಿ ಮತ್ತು ತೆರಿಗೆ

ಪೂರ್ತಿ ಹಣ ಮುಂಗಡವಾಗಿ ಕೊಡುವುದೂ, ಎಲ್ಲವನ್ನೂ ಕೊನೆಗೆ ಕೊಡುವುದಾಗಿ ಹೇಳುವುದೂ ಸರಿಯಲ್ಲ. ಸ್ವತಂತ್ರವಾಗಿ ದುಡಿಯುವವರಿಗೆ ತಿಂಗಳ ಸಂಬಳವಿಲ್ಲವೆಂಬುದನ್ನು ವರ್ತಕರೂ ಅರಿಯಬೇಕು. ಬೇಡಿಕೆಯ ವಿವರ ಪತ್ರ, ಪರೀಕ್ಷಾ ಜಾಲದ ಮಾದರಿ, ಅಂಗಡಿಯಲ್ಲಿ ಪ್ರಾಯೋಗಿಕ ಬಳಕೆ, ಅಂತಿಮ ಹಸ್ತಾಂತರ ಎಂದು ನಾಲ್ಕು ಹಂತ ಮಾಡಿ, ಪ್ರತಿ ಹಂತದ ಕೆಲಸ ಒಪ್ಪಿದ ನಂತರ ಒಂದು ಕಂತು ನೀಡುವುದು ಇಬ್ಬರಿಗೂ ನ್ಯಾಯಸಮ್ಮತ. ನಡುವೆ ಹೊಸ ಬೇಡಿಕೆ ಬಂದರೆ ಅದರ ಹಣ ಮತ್ತು ಅವಧಿಯನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಹಸ್ತಾಂತರದ ನಂತರ ದೋಷ ಸರಿಪಡಿಸುವ ಅವಧಿ, ಸರ್ವರ್‌ನ ಮಾಸಿಕ ಬಾಡಿಗೆ ಹಾಗೂ ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಪ್ರತಿ ನಮೂದಿಗೆ ತೆರಬೇಕಾದ ಶುಲ್ಕ ಯಾರ ಹೊಣೆ ಎಂಬುದೂ ಕರಾರಿನಲ್ಲಿರಲಿ.

ಡೆವಲಪರ್‌ನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಕಡ್ಡಾಯ. ತಂತ್ರಾಂಶ ಸೇವೆಗೆ ತೆರಿಗೆ ದರ ಶೇ. 18. ನೋಂದಾಯಿತ ವರ್ತಕರು ಹೊರದೇಶದ ಡೆವಲಪರ್‌ರಿಂದ ಸೇವೆ ಪಡೆದರೆ ಈ ತೆರಿಗೆಯನ್ನು ತಾವೇ ಪಾವತಿಸಬೇಕು. ಶುಲ್ಕದಿಂದ ಮೂಲದಲ್ಲಿ ಆದಾಯ ತೆರಿಗೆ ಕಡಿತ ಮಾಡಬೇಕೇ, ಯಾವ ದರದಲ್ಲಿ ಎಂಬುದನ್ನು ಮೊದಲ ಕಂತಿಗೆ ಮುನ್ನವೇ ಲೆಕ್ಕ ಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

ರೈತರ ಮಾಹಿತಿಯ ರಕ್ಷಣೆ

ರೈತರ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಯಾವ ಕಾರಣಕ್ಕೂ ಬ್ಲಾಕ್‌ಚೈನ್ ಮೇಲೆ ನೇರವಾಗಿ ಬರೆಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನ್ನ ಮಾಹಿತಿಯನ್ನು ತಿದ್ದಿಸುವ ಹಾಗೂ ಅಳಿಸುವಂತೆ ಕೇಳುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಅಳಿಸಲಾಗದ ಕಿರ್ದಿಯಲ್ಲಿ ಅಳಿಸಬೇಕಾದ ಮಾಹಿತಿ ಬರೆದರೆ ಮುಂದೆ ಪರಿಹಾರವಿಲ್ಲ. ವೈಯಕ್ತಿಕ ವಿವರ ಸಾಮಾನ್ಯ ಡೇಟಾಬೇಸ್‌ನಲ್ಲಿರಲಿ. ಬ್ಲಾಕ್‌ಚೈನ್ ಮೇಲೆ ಲಾಟ್‌ನ ಸಂಖ್ಯೆ ಮತ್ತು ಗುರುತು ಮಾತ್ರ ಇರಲಿ. ಈ ವಿನ್ಯಾಸವನ್ನು ಮೊದಲ ಭೇಟಿಯಲ್ಲಿಯೇ ಡೆವಲಪರ್‌ಗೆ ತಿಳಿಸಬೇಕು.

ಒಗ್ಗಟ್ಟಿನ ಪ್ರಯೋಜನ

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿತದಿಂದ ಕೆರಳಿದ ಗುಂಪು ಕಚೇರಿಗೆ ಹಾನಿ ಮಾಡಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ ಎಲ್ಲರಿಗೂ ತಿಳಿದಿದೆ. ಯಾವ ತಂತ್ರಾಂಶವೂ ಬೆಲೆ ಕುಸಿತವನ್ನು ತಡೆಯಲಾರದು. ಆದರೆ ಯಾವ ಗುಣಮಟ್ಟದ ಸರಕು ಎಲ್ಲಿಂದ ಬಂದು ಯಾವ ದರಕ್ಕೆ ಹೋಯಿತೆಂಬ ದಾಖಲೆ ರೈತ, ದಲಾಲ ಮತ್ತು ಖರೀದಿದಾರ ಮೂವರ ಬಳಿಯೂ ಒಂದೇ ರೀತಿಯಲ್ಲಿದ್ದರೆ ಸಂಶಯಕ್ಕೆ ಎಡೆ ಕಡಿಮೆಯಾಗುತ್ತದೆ. ಇದು ಒಬ್ಬ ವರ್ತಕರಿಂದ ಆಗುವ ಕೆಲಸವಲ್ಲ. ಒಂದೇ ಸರಕಿನ ಹತ್ತಾರು ವ್ಯಾಪಾರಿಗಳು ಕೂಡಿ, ಒಂದೇ ಬೇಡಿಕೆ ಪತ್ರ ಸಿದ್ಧಪಡಿಸಿ, ಒಬ್ಬ ಸಮರ್ಥ ಡೆವಲಪರ್ ಹಾಗೂ ಒಬ್ಬ ಪ್ರತ್ಯೇಕ ಪರೀಕ್ಷಕರನ್ನು ನೇಮಿಸಿಕೊಂಡರೆ ತಲಾ ಖರ್ಚು ಇಳಿಯುತ್ತದೆ. ಕಿರ್ದಿಯ ಪ್ರತಿಗಳನ್ನು ಇಟ್ಟುಕೊಳ್ಳುವವರೂ ದೊರೆಯುತ್ತಾರೆ.

ಕೊನೆಯ ಕಂತು ಬಿಡುಗಡೆ ಮಾಡುವ ಮುನ್ನ ಕೆಳಗಿನವು ಕೈ ಸೇರಿವೆಯೇ ಎಂದು ವರ್ತಕರು ಖಚಿತಪಡಿಸಿಕೊಳ್ಳತಕ್ಕದ್ದು:

1. ಸಂಪೂರ್ಣ ಸೋರ್ಸ್ ಕೋಡ್ ಮತ್ತು ಅದನ್ನು ಬೇರೊಬ್ಬ ತಂತ್ರಜ್ಞ ಪುನಃ ಸ್ಥಾಪಿಸಲು ಬೇಕಾದ ಲಿಖಿತ ವಿವರಣೆ.

2. ಅವಧಿ ಮತ್ತು ಪ್ರದೇಶ ನಮೂದಿಸಿ ಸಹಿ ಮಾಡಿದ ಹಕ್ಕು ವರ್ಗಾವಣೆ ಪತ್ರ.

3. ಡೊಮೇನ್, ಸರ್ವರ್ ಮತ್ತು ಆಡಳಿತದ ಕೀಗಳು ಸಂಸ್ಥೆಯ ವಶದಲ್ಲಿರುವ ಬಗ್ಗೆ ಪರಿಶೀಲನೆ; ಡೆವಲಪರ್‌ನ ಪ್ರವೇಶಾನುಮತಿಯ ರದ್ದತಿ.

4. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಕುರಿತು ಪ್ರತ್ಯೇಕ ಪರೀಕ್ಷಕರ ವರದಿ.

5. ಬ್ಯಾಕಪ್ ಪ್ರತಿಯಿಂದ ತಂತ್ರಾಂಶವನ್ನು ಒಮ್ಮೆ ಮರುಸ್ಥಾಪಿಸಿ ತೋರಿಸಿದ ದಾಖಲೆ.

6. ಅಂಗಡಿಯ ಗುಮಾಸ್ತರೊಬ್ಬರು ಡೆವಲಪರ್‌ನ ನೆರವಿಲ್ಲದೆ ಒಂದು ಲಾಟ್‌ನ ಎಲ್ಲ ನಮೂದುಗಳನ್ನು ಪೂರೈಸಿರುವುದು.